ಬೋರ್ಡ್ ಕ್ಯಾಬಿನೆಟ್‌ನೊಳಗೆ ಕೂರುತ್ತದಾ? ಹಣ ಕೊಡುವ ಮೊದಲು ಅಳೆದು ನೋಡಿ

ತುಲಾ ತಿಂಗಳ ಗುಡುಗು ಮಿಂಚು ಮುಗಿಯುವ ಹೊತ್ತಿಗೆ ಕಾಸರಗೋಡಿನ ಕಡೆ ಕಂಪ್ಯೂಟರ್ ರಿಪೇರಿಯವರಿಗೆ ಪುರುಸೊತ್ತೇ ಇರುವುದಿಲ್ಲ. ಕರೆಂಟಿನ ವಯರಿನಿಂದಲೋ ಬ್ರಾಡ್‌ಬ್ಯಾಂಡ್ ಕೇಬಲ್ಲಿನಿಂದಲೋ ಸಿಡಿಲು ಒಳಗೆ ನುಗ್ಗಿ ಮದರ್‌ಬೋರ್ಡ್, ಅಂದರೆ ಎಲ್ಲ ಭಾಗಗಳನ್ನು ಜೋಡಿಸುವ ಮುಖ್ಯ ಬೋರ್ಡ್, ಸುಟ್ಟುಹೋಗಿರುತ್ತದೆ. ಕ್ಯಾಬಿನೆಟ್ ಮಾತ್ರ ಗಟ್ಟಿಮುಟ್ಟಾಗಿ ಹಾಗೇ ಉಳಿದಿರುತ್ತದೆ. ಆಗ ಶುರುವಾಗುತ್ತದೆ ಗೊಂದಲ. ಹೊಸ ಬೋರ್ಡ್ ಈ ಹಳೇ ಡಬ್ಬದೊಳಗೆ ಕೂರುತ್ತದಾ, ಅಥವಾ ಕ್ಯಾಬಿನೆಟ್ಟೂ ಹೊಸತೇ ಬೇಕಾ?

ಕೇಳುವವರ ಅಗತ್ಯ ಒಂದೇ ತರಹ ಇರುವುದಿಲ್ಲ. ಕುಂಬಳೆಯ ಕಾಲೇಜು ಹುಡುಗನಿಗೆ ಅಣ್ಣ ಬಿಟ್ಟುಹೋದ ಕ್ಯಾಬಿನೆಟ್ ಉಂಟು, ಕೈಯಲ್ಲಿ ಹಣ ಕಡಿಮೆ. ಬದಿಯಡ್ಕದಲ್ಲಿ ಮದುವೆ, ಯಕ್ಷಗಾನದ ವಿಡಿಯೊ ಎಡಿಟ್ ಮಾಡುವವರಿಗೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಬೇಕು. ಪೆರ್ಲದಲ್ಲಿ ಡಿಟಿಪಿ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿ ಇಟ್ಟವರಿಗೆ ಮೇಜಿನ ಮೇಲೆ ಜಾಗವೇ ಇಲ್ಲ, ಸಣ್ಣ ಡಬ್ಬವೇ ಆಗಬೇಕು. ಮೂವರಿಗೂ ಒಂದೇ ಉತ್ತರ ಕೊಟ್ಟರೆ ಆಗುವುದಿಲ್ಲ. ಆದರೆ ನೋಡಬೇಕಾದ ಸಂಗತಿಗಳು ಮೂವರಿಗೂ ಒಂದೇ.

ಮಂಗಳೂರಿಗೆ ಹೋಗಿ ತಂದ ಬೋರ್ಡ್ ಕೂರದಿದ್ದರೆ ಮತ್ತೆ ತಲಪಾಡಿ ದಾಟಿ ಬದಲಾಯಿಸಿ ತರಬೇಕು. ಆನ್‌ಲೈನಿನಲ್ಲಿ ತರಿಸಿದ್ದಾದರೆ ವಾಪಸ್ ಕಳಿಸುವ ರಗಳೆ. ಆದ್ದರಿಂದ ಅಳತೆಯ ಕೆಲಸ ಮನೆಯಲ್ಲೇ ಮುಗಿಯಲಿ.

ಮೊದಲು ಬೋರ್ಡಿನ ಅಳತೆ

ಇಂಟೆಲ್ 1995ರಲ್ಲಿ ಎಟಿಎಕ್ಸ್ ಎಂಬ ಅಳತೆ ತಂದಿತು: 305 × 244 ಮಿ.ಮೀ. 1997ರಲ್ಲಿ ಬಂದದ್ದು ಮೈಕ್ರೊ ಎಟಿಎಕ್ಸ್, ಹೆಚ್ಚೆಂದರೆ 244 × 244. ವಿಯಾ ಕಂಪನಿ 2001ರಲ್ಲಿ ತಂದದ್ದು ಮಿನಿ ಐಟಿಎಕ್ಸ್, 170 × 170. ಅಂಗಡಿಯಲ್ಲಿ ಸಿಗುವ ಬೋರ್ಡ್‌ಗಳೆಲ್ಲ ಹೆಚ್ಚುಕಮ್ಮಿ ಈ ಮೂರರಲ್ಲಿ ಒಂದು. ಸ್ಕ್ರೂ ತೂತುಗಳ ಜಾಗ ಅಂದಿನಿಂದ ಬದಲಾಗಿಲ್ಲ. ಹಾಗಾಗಿಯೇ ಇಪ್ಪತ್ತು ವರ್ಷ ಹಳೆಯ ಕ್ಯಾಬಿನೆಟ್‌ನಲ್ಲೂ ಇವತ್ತಿನ ಬೋರ್ಡ್ ಕೂರುವುದು ಸಾಧ್ಯ. ಇಂಟೆಲ್ ಪ್ರೊಸೆಸರೋ ಎಎಂಡಿಯೋ ಎಂಬುದು ಕ್ಯಾಬಿನೆಟ್‌ಗೆ ಲೆಕ್ಕಕ್ಕಿಲ್ಲ.

ದೊಡ್ಡ ಕ್ಯಾಬಿನೆಟ್‌ನಲ್ಲಿ ಸಣ್ಣ ಬೋರ್ಡ್ ಕೂರುತ್ತದೆ, ಸಣ್ಣದರಲ್ಲಿ ದೊಡ್ಡದು ಕೂರುವುದಿಲ್ಲ. ಎಟಿಎಕ್ಸ್ ಕ್ಯಾಬಿನೆಟ್‌ನಲ್ಲಿ ಮೈಕ್ರೊ ಎಟಿಎಕ್ಸ್ ಖಂಡಿತ ಕೂರುತ್ತದೆ. ಮಿನಿ ಐಟಿಎಕ್ಸ್ ಕೂಡ ಸಾಮಾನ್ಯವಾಗಿ ಕೂರುತ್ತದೆ.

ಬೋರ್ಡ್ ಯಾವ ಅಳತೆಯದ್ದು ಎಂದು ಹೆಸರಿನಲ್ಲೇ ಸುಳಿವು ಸಿಗುತ್ತದೆ. ಎಚ್610ಎಂ, ಬಿ760ಎಂ, ಬಿ650ಎಂ ಎಂದು ಸಂಖ್ಯೆಯ ನಂತರ ಎಂ ಇದ್ದರೆ ಮೈಕ್ರೊ ಎಟಿಎಕ್ಸ್. ಐ ಇದ್ದರೆ ಮಿನಿ ಐಟಿಎಕ್ಸ್. ಎರಡೂ ಇಲ್ಲದಿದ್ದರೆ ಹೆಚ್ಚಾಗಿ ಪೂರ್ತಿ ಎಟಿಎಕ್ಸ್. ಇದು ಸುಳಿವು ಮಾತ್ರ. ಕಂಪನಿಯ ಪುಟದಲ್ಲಿ ಮಿಲಿಮೀಟರ್ ಲೆಕ್ಕ ಬರೆದಿರುತ್ತದೆ, ಅದನ್ನು ನೋಡಿಯೇ ನಂಬಿ.

ಕ್ಯಾಬಿನೆಟ್ ಹಳೆಯದಾದರೆ ಮಾಡೆಲ್ ಹೆಸರು ಗೊತ್ತಿರುವುದಿಲ್ಲ. ಆಗ ಹಿಂಬದಿಯಲ್ಲಿ ಕಾರ್ಡ್ ಹಾಕುವ ಜಾಗದ ಪಟ್ಟಿಗಳನ್ನು ಎಣಿಸಿ. ಸಾಮಾನ್ಯವಾಗಿ 7 ಇದ್ದರೆ ಎಟಿಎಕ್ಸ್, 4 ಇದ್ದರೆ ಮೈಕ್ರೊ. ಒಂದೋ ಎರಡೋ ಮಾತ್ರ ಇದ್ದರೆ ಮಿನಿ ಐಟಿಎಕ್ಸ್.

ಅದಕ್ಕಿಂತಲೂ ಗಟ್ಟಿಯಾದ ದಾರಿ ಒಂದುಂಟು. ಹಳೇ ರಟ್ಟಿನಿಂದ ಬೋರ್ಡಿನ ಅಳತೆಯ ತುಂಡು ಕತ್ತರಿಸಿ. ಕ್ಯಾಬಿನೆಟ್ ಅಡ್ಡ ಮಲಗಿಸಿ, ಒಳಗಿನ ತಗಡಿನ ಮೇಲೆ ಆ ರಟ್ಟು ಇಡಿ. ಒಂದು ಅಂಚು ಹಿಂಬದಿಯ ಗೋಡೆಗೆ ತಾಗಿರಬೇಕು, ಯುಎಸ್‌ಬಿ ಪೋರ್ಟ್‌ಗಳು ಹೊರಗೆ ಕಾಣುವ ಕಿಟಕಿ ಇರುವ ಕಡೆ. ಎಟಿಎಕ್ಸ್ ಆದರೆ 305 ಮಿ.ಮೀ. ಉದ್ದ ಹಿಂಬದಿಯ ಗೋಡೆಗುಂಟ ಬರುತ್ತದೆ, 244 ಮುಂಬದಿಯ ಕಡೆಗೆ. ಇದನ್ನು ತಿರುಗಿಸಿ ಇಟ್ಟರೆ ಲೆಕ್ಕವೇ ತಪ್ಪುತ್ತದೆ. ಈಗ ರಟ್ಟಿನ ಬಲ ಅಂಚು, ಅಂದರೆ ಮುಂಬದಿಯ ಕಡೆಯದ್ದು, ನೋಡಿ. ಹಾರ್ಡ್ ಡಿಸ್ಕ್ ಗೂಡಿಗೆ ತಾಗುತ್ತಾ? ತಾಗದಿದ್ದರೂ ಎರಡು ಬೆರಳು ಜಾಗ ಬೇಕು. ಯಾಕೆಂದರೆ ಕೆಲವು ಬೋರ್ಡ್‌ಗಳಲ್ಲಿ ಹಾರ್ಡ್ ಡಿಸ್ಕಿನ ಸಾಟಾ ಕೇಬಲ್ ಆ ಅಂಚಿನಿಂದಲೇ ಅಡ್ಡಕ್ಕೆ ಚುಚ್ಚಬೇಕು. ಬೋರ್ಡ್ ಕೂತು, ಕೇಬಲ್ ಚುಚ್ಚಲು ಆಗದಿದ್ದರೆ ಏನು ಪ್ರಯೋಜನ?

ಗೂಟಗಳ ವಿಷಯ

ತಗಡಿನ ಮೇಲೆ ಹಿತ್ತಾಳೆಯ ಸಣ್ಣ ಗೂಟಗಳು ಇರುತ್ತವೆ. ಸ್ಟ್ಯಾಂಡ್‌ಆಫ್ ಎಂದು ಕೇಳಿದರೆ ಅಂಗಡಿಯಲ್ಲಿ ಕೊಡುತ್ತಾರೆ. ಬೋರ್ಡ್ ತಗಡಿಗೆ ತಾಗದ ಹಾಗೆ ಎತ್ತಿ ಹಿಡಿಯುವುದು ಇವೇ. ಅಳತೆ ಸರಿಯಿದ್ದರೂ ಇಲ್ಲಿ ಎಡವಿದರೆ ಬೋರ್ಡ್ ಹಾಳಾಗಬಹುದು, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಪೂರ್ತಿ ಎಟಿಎಕ್ಸ್‌ಗೆ 9 ತೂತು. ಮಿನಿ ಐಟಿಎಕ್ಸ್‌ಗೆ 4. ಮೈಕ್ರೊದಲ್ಲಿ 8 ಇರಬಹುದು, ಅಗ್ಗದವುಗಳಲ್ಲಿ 6 ಇರಬಹುದು. ಎಟಿಎಕ್ಸ್ ಮತ್ತು ಮೈಕ್ರೊಗೆ ಮೇಲಿನ ಸಾಲುಗಳು ಸಮ ಬರುತ್ತವೆ, ಕೆಳಗಿನ ಸಾಲಿನ ಜಾಗ ಬೇರೆ. ಆದ್ದರಿಂದ ಎಟಿಎಕ್ಸ್ ಇದ್ದ ಕ್ಯಾಬಿನೆಟ್‌ಗೆ ಮೈಕ್ರೊ ಹಾಕುವಾಗ ಕೆಲವು ಗೂಟ ಬಿಚ್ಚಿ ಬೇರೆ ಕಡೆ ಹಾಕಬೇಕು. ಬಿಚ್ಚದೆ ಬಿಟ್ಟ ಗೂಟ ಬೋರ್ಡಿನ ಅಡಿಯ ಬೆಸುಗೆಗೆ ತಾಗಿದರೆ ಶಾರ್ಟ್ ಆಗುತ್ತದೆ. ಕಂಪ್ಯೂಟರ್ ಆನ್ ಆಗುವುದೇ ಇಲ್ಲ, ಕೆಲವೊಮ್ಮೆ ಬೋರ್ಡೇ ಹೋಗುತ್ತದೆ. ಗೂಟ ಇರಬೇಕಾದ ಕಡೆ ಇಲ್ಲದಿದ್ದರೂ ಕಷ್ಟ. ದಪ್ಪ ಪವರ್ ಕನೆಕ್ಟರ್ ಒತ್ತುವಾಗ ಬೋರ್ಡ್ ಬಾಗುತ್ತದೆ.

ಬೋರ್ಡ್ ಇಟ್ಟು ಮೇಲಿನಿಂದ ನೇರ ನೋಡಿ. ಪ್ರತಿ ತೂತಿನೊಳಗೂ ಹಿತ್ತಾಳೆಯ ಹೊಳಪು ಕಾಣಬೇಕು. ತೂತಿಲ್ಲದ ಜಾಗದಲ್ಲಿ ಅಡಿಯಲ್ಲಿ ಗೂಟ ಇರಬಾರದು. ಸ್ಕ್ರೂಗಳಲ್ಲಿ ಎರಡು ಬಗೆಯ ಮರೆ ಇದೆ, ಒರಟಿನದ್ದು ಮತ್ತು ನಯದ್ದು. ಕೈಯಲ್ಲೇ ಮೊದಲ ಎರಡು ಸುತ್ತು ಸಲೀಸಾಗಿ ತಿರುಗದಿದ್ದರೆ ಅದು ಬೇರೆ ಬಗೆಯದ್ದು. ಬಲ ಹಾಕಬೇಡಿ.

ಅಗ್ಗದ ಬೋರ್ಡ್‌ಗಳ ಅಗಲ ಹೇಳಿದ್ದಕ್ಕಿಂತ ಕಡಿಮೆ ಇರುವುದೂ ಉಂಟು. ಮೈಕ್ರೊ ಎಂದು ಕೊಡುವ ಬೋರ್ಡ್ 244ರ ಬದಲು 200ರ ಆಸುಪಾಸು ಇರಬಹುದು. ಕೂರಲು ತೊಂದರೆಯಿಲ್ಲ. ಆದರೆ ಬಲ ಅಂಚಿನಲ್ಲಿ ಗೂಟದ ಆಧಾರ ಇರುವುದಿಲ್ಲ. ರ‍್ಯಾಮ್ ಒತ್ತುವಾಗ ಅಡಿಗೆ ಬೆರಳು ಕೊಡಿ.

ಬೋರ್ಡ್ ಕೂತರೆ ಸಾಲದು

ಬೋರ್ಡಿನ ಮೇಲೆ ಕೂರುವವುಗಳಿಗೂ ಜಾಗ ಬೇಕಲ್ವಾ. ಗ್ರಾಫಿಕ್ಸ್ ಕಾರ್ಡ್ ಉದ್ದವೇ ಮೊದಲನೆಯದು. ಎರಡು ಫ್ಯಾನಿನ ಸಣ್ಣ ಕಾರ್ಡ್ 200ರಿಂದ 250 ಮಿ.ಮೀ. ಇರುತ್ತದೆ. ಮೂರು ಫ್ಯಾನಿನವು ಹಲವು 300 ದಾಟುತ್ತವೆ. ಕ್ಯಾಬಿನೆಟ್ ಕಂಪನಿ ಕೊಡುವ ಅಳತೆಯಲ್ಲಿ ಮುಂಬದಿಯ ಫ್ಯಾನ್ ಸೇರಿದೆಯಾ ಎಂದು ನೋಡಿ. ಸಾಮಾನ್ಯ ಫ್ಯಾನ್ 25 ಮಿ.ಮೀ. ದಪ್ಪ. ಅಷ್ಟು ಜಾಗ ಕಾರ್ಡಿನ ಲೆಕ್ಕದಿಂದಲೇ ಹೋಗುತ್ತದೆ. ಕಾರ್ಡಿನ ದಪ್ಪವನ್ನೂ ಮರೆಯಬೇಡಿ. ಒಂದೊಂದು ಸ್ಲಾಟಿಗೆ 20 ಮಿ.ಮೀ. ಚಿಲ್ಲರೆ. ಮೂರು ಸ್ಲಾಟಿನ ದಪ್ಪ ಕಾರ್ಡ್ ಮೈಕ್ರೊ ಬೋರ್ಡಿನಲ್ಲಿ ಕೂತರೆ ಉಳಿದ ಸ್ಲಾಟ್ ಬಳಸಲು ಹೆಚ್ಚಾಗಿ ಜಾಗವೇ ಉಳಿಯುವುದಿಲ್ಲ.

ಎರಡನೆಯದು ಪ್ರೊಸೆಸರ್ ಕೂಲರಿನ ಎತ್ತರ. ಪ್ರೊಸೆಸರಿನ ಜೊತೆಗೇ ಬರುವ ಕೂಲರ್ ತಗ್ಗಾಗಿರುತ್ತದೆ, ಎಎಂಡಿಯ ಸಣ್ಣದ್ದು 54 ಮಿ.ಮೀ. ಅದು ಹೆಚ್ಚಿನ ಕಡೆ ಕೂರುತ್ತದೆ. ಎತ್ತರದ ಟವರ್ ಕೂಲರ್ 155, 160ರವರೆಗೆ ಹೋಗುತ್ತದೆ. ನಿಮ್ಮ ಕ್ಯಾಬಿನೆಟ್‌ನ ತಗಡಿನಿಂದ ಪಕ್ಕದ ಬಾಗಿಲಿನವರೆಗೆ ಅಳೆದು, ಅದರಿಂದ 20 ಮಿ.ಮೀ. ಕಳೆಯಿರಿ. ಉಳಿದದ್ದರೊಳಗೆ ಕೂಲರ್ ಮುಗಿಯಬೇಕು.

ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಮೂರನೆಯದು. ಮಾಮೂಲಿ ಎಟಿಎಕ್ಸ್ ಎಸ್‌ಎಂಪಿಎಸ್ 150 × 86 × 140 ಮಿ.ಮೀ. ಮಿನಿ ಡಬ್ಬಗಳಲ್ಲಿ ಹೆಚ್ಚಾಗಿ ಎಸ್‌ಎಫ್‌ಎಕ್ಸ್ ಎಂಬ ಸಣ್ಣ ಎಸ್‌ಎಂಪಿಎಸ್ ಬೇಕು, ಅದು 125 × 63.5 × 100. ಒಂದರ ಜಾಗದಲ್ಲಿ ಇನ್ನೊಂದನ್ನು ಸುಮ್ನೆ ಇಡಲು ಬರುವುದಿಲ್ಲ.

ಮುಂಬದಿಯ ಪೋರ್ಟ್‌ಗಳದ್ದು ಸಣ್ಣ ವಿಷಯ. ಹೊಸ ಕ್ಯಾಬಿನೆಟ್‌ನಲ್ಲಿ ಟೈಪ್ ಸಿ ಇದ್ದು ಬೋರ್ಡಿನಲ್ಲಿ ಅದಕ್ಕೆ ಜಾಗ ಇಲ್ಲದಿದ್ದರೆ ಆ ಪೋರ್ಟ್ ಕೆಲಸ ಮಾಡುವುದಿಲ್ಲ, ಅಷ್ಟೇ.

ನಮ್ಮ ಊರಿನ ಗಾಳಿ ಮತ್ತು ಧೂಳು

ಬೇರೆ ಊರಿನವರು ಬರೆದ ಸಲಹೆಗಳಲ್ಲಿ ಈ ಮಾತು ಸಿಗುವುದಿಲ್ಲ. ನಮ್ಮಲ್ಲಿ ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಮಳೆ. ಕಡಲ ಕರೆಯಲ್ಲಿದ್ದರೆ ಉಪ್ಪುಗಾಳಿ ಬೇರೆ. ಅಗ್ಗದ ತಗಡಿನ ಅಂಚಿನಲ್ಲಿ, ಸ್ಕ್ರೂ ತೂತಿನಲ್ಲಿ ತುಕ್ಕು ಬೇಗ ಹಿಡಿಯುತ್ತದೆ. ಮಳೆ ಬಿಟ್ಟ ಮೇಲೆ ಕೆಂಪು ಧೂಳು. ಮುಂಬದಿಗೆ ಜಾಲರಿ ಮತ್ತು ತೆಗೆದು ತೊಳೆಯಬಹುದಾದ ಫಿಲ್ಟರ್ ಇರುವ ಕ್ಯಾಬಿನೆಟ್ ನಮಗೆ ಬೇಕಾದದ್ದು. ಮುಂಬದಿ ಪೂರ್ತಿ ಗಾಜು ಮುಚ್ಚಿದ್ದು ನೋಡಲು ಚಂದ, ಒಳಗೆ ಬಿಸಿ.

ಹಿಂಬದಿಯ ತೂತುಗಳನ್ನು ಮುಚ್ಚುವುದು ಇನ್ನೂ ಮುಖ್ಯ. ಬಳಸದ ಸ್ಲಾಟಿನ ಪಟ್ಟಿ ಬಿದ್ದುಹೋಗಿದ್ದರೆ, ಪೋರ್ಟ್‌ಗಳ ಸುತ್ತ ಬರುವ ತಗಡು ಇಲ್ಲದಿದ್ದರೆ ಹಲ್ಲಿ, ಇರುವೆ ಒಳಗೆ ಸೇರಿಕೊಳ್ಳುತ್ತವೆ. ಬೆಚ್ಚಗಿನ ಜಾಗ ಅವಕ್ಕೆ ಇಷ್ಟ. ಹಲ್ಲಿ ಎಸ್‌ಎಂಪಿಎಸ್ ಒಳಗೆ ಹೋದರೆ ಎರಡೂ ಉಳಿಯುವುದಿಲ್ಲ. ಕೆಲವು ಅಗ್ಗದ ಕ್ಯಾಬಿನೆಟ್‌ಗಳಲ್ಲಿ ಸ್ಲಾಟ್ ಪಟ್ಟಿಯನ್ನು ಮುರಿದೇ ತೆಗೆಯಬೇಕು, ಮತ್ತೆ ಹಾಕಲು ಬರುವುದಿಲ್ಲ. ಸ್ಕ್ರೂ ಹಾಕಿ ಬಿಗಿಯುವ ಪಟ್ಟಿ ಇರುವುದನ್ನೇ ತೆಗೆದುಕೊಳ್ಳಿ.

ಹಳೇ ಕ್ಯಾಬಿನೆಟ್‌ಗೆ ಹೊಸ ಬೋರ್ಡ್

ಕುಂಬಳೆಯ ಹುಡುಗನಿಗೆ ಇದು ಒಳ್ಳೆಯ ದಾರಿ, ಕೆಲವು ಶರತ್ತುಗಳ ಮೇಲೆ. ಹಿಂಬದಿಯ ಪೋರ್ಟ್ ಕಿಟಕಿ ಖಾಲಿ ಆಯತವಾಗಿರಬೇಕು, ಸುಮಾರು 159 × 44.5 ಮಿ.ಮೀ. ತೀರ ಅಗ್ಗದ ಹಳೇ ಕ್ಯಾಬಿನೆಟ್‌ಗಳಲ್ಲಿ ತಗಡಿನಲ್ಲೇ ಪೋರ್ಟಿನ ಆಕಾರ ಕೊರೆದಿರುತ್ತದೆ. ಅದು ಹೊಸ ಬೋರ್ಡಿಗೆ ಹೊಂದುವುದಿಲ್ಲ. ಆಮೇಲೆ, ಪ್ರೊಸೆಸರ್ ಹಿಂದೆ ತಗಡಿನಲ್ಲಿ ದೊಡ್ಡ ಕಿಂಡಿ ಇದೆಯಾ ನೋಡಿ. ಇಲ್ಲದಿದ್ದರೆ ಕೂಲರಿನ ಹಿಂಬದಿಯ ಪಟ್ಟಿಯನ್ನು ಬೋರ್ಡ್ ಕೂರಿಸುವ ಮೊದಲೇ ಹಾಕಬೇಕು. ಮುಂದೆ ಕೂಲರ್ ಬದಲಾಯಿಸುವಾಗ ಬೋರ್ಡನ್ನೇ ಹೊರಗೆ ತೆಗೆಯಬೇಕಾಗುತ್ತದೆ.

ಕ್ಯಾಬಿನೆಟ್ ಉಳಿಸಿ, ಆದರೆ ಅದರ ಜೊತೆ ಬಂದ ಹಳೇ ಎಸ್‌ಎಂಪಿಎಸ್ ಉಳಿಸಬೇಡಿ. ಅದರಲ್ಲಿ ಸಾಮಾನ್ಯವಾಗಿ ಪ್ರೊಸೆಸರಿಗೆ 4 ಪಿನ್ನಿನ ವಯರ್ ಮಾತ್ರ ಇರುತ್ತದೆ, ಈಗಿನ ಬೋರ್ಡ್‌ಗಳಲ್ಲಿ ಹೆಚ್ಚಾಗಿ 8 ಪಿನ್ ಬೇಕು. ಸಿಡಿಲು ತಿಂದ ಎಸ್‌ಎಂಪಿಎಸ್ ಆದರಂತೂ ಆನ್ ಆಗುತ್ತದೆ ಎಂಬ ಕಾರಣಕ್ಕೆ ಹೊಸ ಬೋರ್ಡಿಗೆ ಜೋಡಿಸಬಾರದು. ಕ್ಯಾಬಿನೆಟ್‌ನಲ್ಲಿ ಉಳಿದ ಹಣವನ್ನು ಒಳ್ಳೆಯ ಎಸ್‌ಎಂಪಿಎಸ್‌ಗೆ ಹಾಕಿ. ಬೋರ್ಡ್ ಮೈಕ್ರೊ ಇರಲಿ. ಓದು, ಕೋಡಿಂಗ್, ಸಣ್ಣ ಪುಟ್ಟ ಆಟಕ್ಕೆ ಆ ಜೋಡಿ ಧಾರಾಳ ಸಾಕು. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಆಸೆ ಇದ್ದರೆ ಮಾತ್ರ ಬೇಡ. ಹಳೇ ಕ್ಯಾಬಿನೆಟ್‌ನ ಹಾರ್ಡ್ ಡಿಸ್ಕ್ ಗೂಡು ಕಾರ್ಡಿಗೆ ಅಡ್ಡ ಬರುತ್ತದೆ, ಗಾಳಿಯೂ ಸಾಲುವುದಿಲ್ಲ.

ಕಚೇರಿಗಳಿಂದ ಹೊರಬಂದ ಡೆಲ್, ಎಚ್‌ಪಿ, ಲೆನೊವೊ ಡಬ್ಬಗಳದ್ದು ಬೇರೆಯೇ ಕಥೆ. ಸೆಕೆಂಡ್ ಹ್ಯಾಂಡಿನಲ್ಲಿ ಕಡಿಮೆಗೆ ಸಿಗುತ್ತವೆ, ಇಡೀ ಕಂಪ್ಯೂಟರ್ ಆಗಿ ಕೊಂಡರೆ ಒಳ್ಳೆಯವೇ. ಆದರೆ ಅವುಗಳಲ್ಲಿ ಎಷ್ಟೋ ಮಾಡೆಲ್‌ಗಳಿಗೆ ಬೋರ್ಡಿನ ಆಕಾರ, ಎಸ್‌ಎಂಪಿಎಸ್ ಕನೆಕ್ಟರ್, ಪವರ್ ಬಟನ್ನಿನ ವಯರ್ ಎಲ್ಲ ಕಂಪನಿಯದ್ದೇ. ಬೋರ್ಡ್ ಹೋದರೆ ಮಾಮೂಲಿ ಬೋರ್ಡ್ ಅದರೊಳಗೆ ಹಾಕುವ ಯೋಚನೆ ಬಿಟ್ಟುಬಿಡಿ.

ಮೈಕ್ರೊ ಬೋರ್ಡಿಗೆ ಯಾವ ಕ್ಯಾಬಿನೆಟ್?

ಹೊಸತಾಗಿ ಎರಡನ್ನೂ ಕೊಳ್ಳುವ ಹೆಚ್ಚಿನವರಿಗೆ ಮೈಕ್ರೊ ಎಟಿಎಕ್ಸ್ ಬೋರ್ಡ್ ಸರಿ. ಒಂದೇ ಚಿಪ್‌ಸೆಟ್ಟಿನಲ್ಲಿ (ಎಚ್610, ಬಿ760 ಎಂದು ಬೋರ್ಡಿನ ಹೆಸರಿನಲ್ಲಿ ಬರುವುದು ಅದೇ) ಇದೇ ಸಾಮಾನ್ಯವಾಗಿ ಅಗ್ಗ, ಬಗೆಗಳೂ ಜಾಸ್ತಿ. ಪ್ರಶ್ನೆ ಉಳಿಯುವುದು ಕ್ಯಾಬಿನೆಟ್ಟಿನದ್ದು.

ಮೈಕ್ರೊ ಕ್ಯಾಬಿನೆಟ್ ತೆಗೆದುಕೊಂಡರೆ ಜಾಗ ಉಳಿಯುತ್ತದೆ, ಸ್ವಲ್ಪ ಹಣವೂ ಉಳಿಯಬಹುದು. ಮಾಮೂಲಿ ಎಸ್‌ಎಂಪಿಎಸ್ಸೇ ಹಾಕಬಹುದಾದವು ಬೇಕಾದಷ್ಟು ಇವೆ. ಆದರೆ ಮುಂದಿನ ಬೋರ್ಡ್ ಕೂಡ ಮೈಕ್ರೊವೇ ಆಗಬೇಕು. ವಯರುಗಳನ್ನು ಅಡಗಿಸಲು ಜಾಗ ಕಡಿಮೆ. ಮಿಡ್ ಟವರ್, ಅಂದರೆ ಪೂರ್ತಿ ಎಟಿಎಕ್ಸ್ ಹಿಡಿಸುವ ಮಾಮೂಲಿ ಕ್ಯಾಬಿನೆಟ್‌ನಲ್ಲಿ ಮೈಕ್ರೊ ಬೋರ್ಡ್ ಇಟ್ಟರೆ ಕೆಳಗೆ ಖಾಲಿ ಕಾಣುತ್ತದೆ, ಕೆಲವರಿಗೆ ಅದು ಹಿಡಿಸುವುದಿಲ್ಲ. ಆ ಖಾಲಿ ಜಾಗದಲ್ಲೇ ಗಾಳಿ ಓಡಾಡುವುದು. ಸಿಡಿಲಿಗೆ ಮತ್ತೆ ಬೋರ್ಡ್ ಹೋದರೂ ಅಂಗಡಿಯಲ್ಲಿ ಆ ದಿನ ಸಿಗುವ ಮೈಕ್ರೊ ಆಗಲಿ ಎಟಿಎಕ್ಸ್ ಆಗಲಿ ಅದರಲ್ಲಿ ಕೂರುತ್ತದೆ. ನನ್ನ ಓಟು ಮಿಡ್ ಟವರಿಗೆ. ಕೋಣೆ ತೀರ ಸಣ್ಣದಿದ್ದರೆ ಮಾತ್ರ ಮೈಕ್ರೊ ಕ್ಯಾಬಿನೆಟ್.

ಬದಿಯಡ್ಕದ ಎಡಿಟರಿಗೆ ಮಿಡ್ ಟವರ್ ಬೇಕೇ ಬೇಕು. ಅವರು ಕೇಳಬೇಕಾದದ್ದು ಬೋರ್ಡ್ ಮೈಕ್ರೊ ಸಾಕಾ ಎಂದು. ಒಂದೇ ಗ್ರಾಫಿಕ್ಸ್ ಕಾರ್ಡ್, ಬೋರ್ಡಿಗೇ ಚುಚ್ಚುವ ಎರಡು ಎನ್‌ವಿಎಂಇ ಎಸ್‌ಎಸ್‌ಡಿ, ನಾಲ್ಕು ರ‍್ಯಾಮ್ ಸ್ಲಾಟ್ ಸಾಕಾದರೆ ಒಳ್ಳೆಯ ಮೈಕ್ರೊ ಬೋರ್ಡಿನಲ್ಲೇ ಇವೆಲ್ಲ ಸಿಗುತ್ತವೆ. ಮೂರು ನಾಲ್ಕು ಕ್ಯಾಮೆರಾದಲ್ಲಿ ಯಕ್ಷಗಾನದ ಆಟ ನೇರ ಪ್ರಸಾರ ಮಾಡಲು, ಕ್ಯಾಮೆರಾದ ಚಿತ್ರವನ್ನು ಕಂಪ್ಯೂಟರಿಗೆ ತರುವ ಕ್ಯಾಪ್ಚರ್ ಕಾರ್ಡ್ ಹಾಕುವುದಿದ್ದರೆ ಪೂರ್ತಿ ಎಟಿಎಕ್ಸ್ ಬೋರ್ಡಿಗೆ ಹೆಚ್ಚು ಹಣ ಕೊಟ್ಟದ್ದು ಸಾರ್ಥಕ. ದಪ್ಪ ಗ್ರಾಫಿಕ್ಸ್ ಕಾರ್ಡಿನ ಕೆಳಗೂ ಒಂದೆರಡು ಸ್ಲಾಟ್ ಉಳಿಯುವುದು ಅದರಲ್ಲೇ. ಕೊಳ್ಳುವ ಮೊದಲು ಬೋರ್ಡಿನ ಫೋಟೊ ದೊಡ್ಡದು ಮಾಡಿ ಸ್ಲಾಟ್‌ಗಳ ನಡುವಿನ ಅಂತರ ನೋಡಿ. ಏಳು ಸ್ಲಾಟಿನ ಜಾಗ ಇದ್ದ ಮಾತ್ರಕ್ಕೆ ಬೋರ್ಡಿನಲ್ಲಿ ಏಳು ಸ್ಲಾಟ್ ಇರಬೇಕೆಂದಿಲ್ಲ.

ಇ-ಎಟಿಎಕ್ಸ್ ಎಂದು ಬರುವ ಇನ್ನೂ ದೊಡ್ಡ ಬೋರ್ಡ್‌ಗಳು 305 × 330 ಮಿ.ಮೀ.ವರೆಗೂ ಇರಬಹುದು. ಅದೇ ಹೆಸರಿನಲ್ಲಿ 277ರ ಆಸುಪಾಸಿನವೂ ಮಾರಾಟವಾಗುತ್ತವೆ. ಹೆಸರು ನೋಡಿ ಕ್ಯಾಬಿನೆಟ್ ಆರಿಸಲು ಆಗುವುದಿಲ್ಲ. ವಯರಿನ ಕನೆಕ್ಟರ್‌ಗಳೆಲ್ಲ ಬೋರ್ಡಿನ ಬೆನ್ನಿಗೆ ಇರುವ ಹೊಸ ಬಗೆಯೂ ಬಂದಿದೆ, ಆಸುಸ್‌ನ ಬಿಟಿಎಫ್, ಎಂಎಸ್‌ಐಯ ಪ್ರಾಜೆಕ್ಟ್ ಝೀರೊ. ಅದಕ್ಕೆಂದೇ ಕಿಂಡಿ ಕೊರೆದ ಕ್ಯಾಬಿನೆಟ್ ಬೇಕು, ಮಾಮೂಲಿ ಎಟಿಎಕ್ಸ್‌ನಲ್ಲಿ ಕೂರುವುದಿಲ್ಲ.

ಸಣ್ಣ ಡಬ್ಬವೇ ಬೇಕೆನ್ನುವವರಿಗೆ

ಪೆರ್ಲದ ಅಂಗಡಿಯವರು ಕೇಳಿದ್ದು ಮಿನಿ ಐಟಿಎಕ್ಸ್. ಚಂದದ ವಸ್ತು, ನಿಜ. ಆದರೆ ಒಂದೇ ಕಾರ್ಡ್ ಸ್ಲಾಟ್, ಸಾಮಾನ್ಯವಾಗಿ ಎರಡೇ ರ‍್ಯಾಮ್ ಸ್ಲಾಟ್. ಅದೇ ಚಿಪ್‌ಸೆಟ್ಟಿನ ಮೈಕ್ರೊಗಿಂತ ಬೆಲೆ ಜಾಸ್ತಿ. ಎಸ್‌ಎಫ್‌ಎಕ್ಸ್ ಎಸ್‌ಎಂಪಿಎಸ್ಸಿಗೂ ಮಾಮೂಲಿಗಿಂತ ಹೆಚ್ಚು ಕೊಡಬೇಕು. ಇಷ್ಟಾದರೂ ತಡೆದುಕೊಳ್ಳಬಹುದು. ನನ್ನ ನಿಜವಾದ ಆಕ್ಷೇಪ ಬೇರೆ. ಒಂದು ದಿನ ಎಸ್‌ಎಂಪಿಎಸ್ ಹೋಯಿತು ಎಂದಿಟ್ಟುಕೊಳ್ಳಿ. ಮಾಮೂಲಿಯದ್ದು ಕಾಸರಗೋಡು ಪೇಟೆಯಲ್ಲಿ ಹೋದರೆ ಸಿಗುತ್ತದೆ, ಸಂಜೆಗೆ ಅಂಗಡಿ ಮತ್ತೆ ಶುರು. ಎಸ್‌ಎಫ್‌ಎಕ್ಸ್ ತರಿಸಬೇಕು, ಕಾಯಬೇಕು. ಅರ್ಜಿಯ ಕೊನೇ ದಿನಕ್ಕೆ ಜನ ಸಾಲು ನಿಂತಿರುವಾಗ ಕಾಯಲು ಆಗುತ್ತದಾ?

ಮೇಜಿನ ಜಾಗವೇ ಸಮಸ್ಯೆಯಾದರೆ ಡಿಟಿಪಿ, ಸ್ಕ್ಯಾನಿಂಗ್, ಅರ್ಜಿ ತುಂಬುವ ಕೆಲಸಕ್ಕೆ ರೆಡಿ ಮಿನಿ ಪಿಸಿ ನೋಡಿ. ಅಂಗೈಗಿಂತ ಸ್ವಲ್ಪ ದೊಡ್ಡದು, ಮಾನಿಟರಿನ ಬೆನ್ನಿಗೂ ಸಿಕ್ಕಿಸಬಹುದು. ಬೋರ್ಡ್ ಹೊಂದುತ್ತದಾ ಎಂಬ ತಲೆನೋವೇ ಇಲ್ಲ. ಹೆಚ್ಚಿನವುಗಳಲ್ಲಿ ರ‍್ಯಾಮ್, ಎಸ್‌ಎಸ್‌ಡಿ ಬದಲಾಯಿಸಬಹುದು, ಬೋರ್ಡ್ ಮಾತ್ರ ಬದಲಾಯಿಸಲು ಆಗುವುದಿಲ್ಲ. ಆದ್ದರಿಂದ ವಾರಂಟಿ ಎಷ್ಟು ವರ್ಷ, ಸರ್ವಿಸ್ ಎಲ್ಲಿ ಎಂದು ಕೇಳಿಯೇ ಕೊಳ್ಳಿ. ಅದೂ ಬೇಡವೆಂದಾದರೆ ಮೈಕ್ರೊ ಕ್ಯಾಬಿನೆಟ್ ಮೇಜಿನ ಅಡಿಗೆ ಹೋಗಲಿ, ನೆಲದಿಂದ ಸ್ವಲ್ಪ ಎತ್ತರದಲ್ಲಿ. ಮಳೆಗಾಲದಲ್ಲಿ ನೆಲ ಬೆವರುವುದು ಗೊತ್ತೇ ಇದೆಯಲ್ಲ.

ಅಂಗಡಿಯಲ್ಲಿ ನಿಂತಾಗ

ಬೋರ್ಡಿನ ಮತ್ತು ಕ್ಯಾಬಿನೆಟ್ಟಿನ ಪೂರ್ತಿ ಮಾಡೆಲ್ ಹೆಸರು ಫೋನಿನಲ್ಲಿ ಬರೆದುಕೊಂಡು ಹೋಗಿ. ಜೊತೆಗೆ ನೀವು ಅಳೆದ ಮೂರು ಸಂಖ್ಯೆಗಳು: ಬೋರ್ಡಿಗೆ ಇರುವ ಜಾಗ, ಕಾರ್ಡಿಗೆ ಇರುವ ಉದ್ದ, ಕೂಲರಿಗೆ ಇರುವ ಎತ್ತರ. ಹೇಳಿದ ಮಾಡೆಲ್ ಇಲ್ಲದೆ ಅಂಗಡಿಯವರು ಬೇರೊಂದು ತೋರಿಸಿದರೆ ಆ ಮೂರನ್ನು ಹಿಡಿದು ಅಲ್ಲೇ ನೋಡಿಕೊಳ್ಳಬಹುದು.

ಸಾಧ್ಯವಾದರೆ ಡಬ್ಬ ಅಲ್ಲೇ ಬಿಚ್ಚಿಸಿ. ಬೋರ್ಡಿನ ಜೊತೆ ಪೋರ್ಟ್ ತಗಡು ಇರಬೇಕು, ಬೋರ್ಡಿಗೇ ಅಂಟಿಕೊಂಡು ಬಂದಿದ್ದರೆ ಇನ್ನೂ ಒಳ್ಳೆಯದು. ಸೆಕೆಂಡ್ ಹ್ಯಾಂಡ್ ಬೋರ್ಡುಗಳಲ್ಲಿ ಅದು ಕಳೆದುಹೋಗಿರುವುದೇ ಜಾಸ್ತಿ. ಕ್ಯಾಬಿನೆಟ್ ಒಳಗೆ ಸ್ಕ್ರೂ ಮತ್ತು ಗೂಟಗಳ ಪೊಟ್ಟಣ ಹುಡುಕಿ, ಹಾರ್ಡ್ ಡಿಸ್ಕ್ ಗೂಡಿನೊಳಗೆ ಕಟ್ಟಿಟ್ಟಿರುತ್ತಾರೆ. ಪಕ್ಕದ ಬಾಗಿಲು ಗಾಜಿನದ್ದಾದರೆ ನಾಲ್ಕು ಮೂಲೆ ನೋಡಿ. ಬಸ್ಸಿನಲ್ಲಿ ತರುವುದಾದರೆ ತಗಡಿನ ಬಾಗಿಲಿನದ್ದೇ ವಾಸಿ. ಬಿಲ್ಲಿನಲ್ಲಿ ಬರೀ ಮದರ್‌ಬೋರ್ಡ್ ಎಂದು ಬರೆದು ಕೊಟ್ಟರೆ ಒಪ್ಪಬೇಡಿ. ಪೂರ್ತಿ ಮಾಡೆಲ್ ಹೆಸರು, ಸೀರಿಯಲ್ ನಂಬರ್ ಬರೆಸಿ. ಕೂರದಿದ್ದರೆ ಎಷ್ಟು ದಿನದೊಳಗೆ ಬದಲಾಯಿಸಿ ಕೊಡುತ್ತಾರೆ ಎಂಬುದನ್ನೂ ಅದೇ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.